ಅರ್ಧ ಕಿಲೋ ಹೆಚ್ಚು

ನಾನು ಅನುಮಾನದ ಮನುಷ್ಯ. ಇದನ್ನು ನನ್ನ ಹೆಂಡತಿ ಮಹಾದೇವಿ ಬೈಗುಳವಾಗಿ ಹೇಳುತ್ತಾಳೆ, ನಾನು ಕಸುಬಿನ ಮಾತಾಗಿ ಹೇಳುತ್ತೇನೆ. ನನ್ನ ಹೆಸರು ಶ್ರೀಮಂತ. ಮುಂಬೈನ ಜೋಗೇಶ್ವರಿಯಲ್ಲಿ ಕಾರುಗಳ ಎಸಿ ರಿಪೇರಿ ಮಾಡುವ ಗ್ಯಾರೇಜು ನನ್ನದು. ಎಸಿಯೊಳಗಿನ ಗ್ಯಾಸು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಹತ್ತುವುದಿಲ್ಲ, ಸಣ್ಣಗೆ ಸೋರಿದರೆ ಸದ್ದೂ ಮಾಡುವುದಿಲ್ಲ. ಬಾನೆಟ್ ಎತ್ತಿ, ಸಾಬೂನಿನ ನೊರೆ ಹಚ್ಚಿ, ಒಂದೊಂದು ಜೋಡಣೆಯನ್ನೂ ‘ನೀನೇ ಕಳ್ಳ, ನೀನೇ ಕಳ್ಳ’ ಎಂದು ದಿಟ್ಟಿಸುತ್ತ ಕೂರಬೇಕು. ಎಲ್ಲ ಸರಿಯಿದೆ ಎಂದು ನಂಬುವವನು ಈ ಕಸುಬಿನಲ್ಲಿ ಒಂದು ಬೇಸಿಗೆ ಕೂಡ ಬಾಳಲಾರ.

ಹದಿನೆಂಟು ವರ್ಷ ಹೀಗೆ ನೋಡಿದ ಕಣ್ಣು ಬಾನೆಟ್ ಇಳಿಸಿದ ಕೂಡಲೇ ಮುಚ್ಚಿಕೊಳ್ಳುವುದಿಲ್ಲವಲ್ಲ. ಹಾಲಿನವನು ನೀರು ಬೆರೆಸುತ್ತಾನೆ, ರಿಕ್ಷಾದ ಮೀಟರು ನಿಂತಲ್ಲೇ ಓಡುತ್ತದೆ, ಬಿಲ್ಡಿಂಗಿನ ಸೆಕ್ರೆಟರಿ ನಗುತ್ತ ಮಾತಾಡಿದರೆ ಏನೋ ಗ್ರಹಚಾರ ಕಾದಿದೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂದು ಮಹಾದೇವಿ ಅನ್ನುತ್ತಾಳೆ. ಹಳದಿ ಇದ್ದದ್ದನ್ನೇ ಹಳದಿ ಎನ್ನುತ್ತೇನೆ ಎಂದು ನಾನು ಜಗಳಕ್ಕೆ ನಿಲ್ಲುತ್ತೇನೆ. ಶೆಟ್ಟೆಪ್ಪಣ್ಣನೊಬ್ಬನನ್ನು ಮಾತ್ರ ನಾನು ಎಂದೂ ಅನುಮಾನಿಸಿರಲಿಲ್ಲ.

ಶೆಟ್ಟೆಪ್ಪಣ್ಣ ನನಗಿಂತ ಹತ್ತು ವರ್ಷ ದೊಡ್ಡವನು, ನಮ್ಮ ಇಂಡಿ ತಾಲೂಕಿನವನೇ. ಮುಂಬೈಗೆ ಬಂದ ಹೊಸದರಲ್ಲಿ ನನ್ನ ಕೈಗೆ ನಟ್ಟು ತಿರುಗಿಸುವ ಪಾನಾ ಕೊಟ್ಟು ಕಸುಬು ಕಲಿಸಿದವನು ಅವನು. ನಾನು ಸ್ವಂತ ಗ್ಯಾರೇಜು ಹಾಕಿದಾಗ ಇದ್ದ ಕೆಲಸ ಬಿಟ್ಟು ನನ್ನ ಹಿಂದೆ ಬಂದ. ದಿನವೂ ಭಾಂಡುಪ್‌ನಿಂದ ಬಂದು ಹೋಗುತ್ತಾನೆ. ಗ್ಯಾರೇಜಿನ ಎರಡನೆಯ ಕೀಲಿ ಅವನ ಉಡದಾರದಲ್ಲೇ ಇರುತ್ತಿತ್ತು. ಅವನ ಬಲಗೈ ತೋರುಬೆರಳಿನ ತುದಿ ಬೆಳ್ಳಗೆ ಸತ್ತುಹೋಗಿದೆ. ಕೈಗವಸು ಹಾಕಬೇಕೆಂದು ಯಾರೂ ಹೇಳದಿದ್ದ ಕಾಲದಲ್ಲಿ ಗ್ಯಾಸು ಚಿಮ್ಮಿ ಸುಟ್ಟದ್ದು. ಈ ಗ್ಯಾಸು ತಣ್ಣಗಿದ್ದೇ ಸುಡುತ್ತದೆ.

ಈ ವರ್ಷ ಏಪ್ರಿಲ್‌ನಲ್ಲಿ ಸಾಂತಾಕ್ರೂಜ್‌ನ ಒಂದು ದೊಡ್ಡ ಹೋಟೆಲಿನವರು ಹೊಸ ನಿಯಮ ತಂದರು. ಏರ್‌ಪೋರ್ಟಿನಿಂದ ಅತಿಥಿಗಳನ್ನು ಕರೆತರುವ ಅವರ ಕಾರುಗಳೇ ನನ್ನ ಗ್ಯಾರೇಜಿನ ಜೀವಾಳ. ಇನ್ನು ಮುಂದೆ ಗ್ಯಾಸನ್ನು ಸುರಕ್ಷಿತವಾಗಿ ಬಳಸುವ ಸರ್ಟಿಫಿಕೇಟ್ ಇದ್ದ ಗ್ಯಾರೇಜಿಗೆ ಮಾತ್ರ ಕಾರು ಎಂದರು. ಸರ್ಟಿಫಿಕೇಟಿಗೆ ಎರಡು ಮೆಟ್ಟಿಲು: ಮೊದಲು ತರಬೇತಿ ಮತ್ತು ಪರೀಕ್ಷೆ, ಆಮೇಲೆ ಗ್ಯಾರೇಜಿಗೇ ಬಂದು ತಪಾಸಣೆ. ಇದು ಸಿಗದಿದ್ದರೆ ಶಟರ್ ಎಳೆದು ಊರ ದಾರಿ ಹಿಡಿಯುವುದೇ.

ಎರಡು ದಿನದ ತರಬೇತಿಗೆ ನಾವಿಬ್ಬರೂ ಹೋದೆವು. ಹಳೆಯ ಗ್ಯಾಸನ್ನು ಗಾಳಿಗೆ ಬಿಡಬಾರದು, ಮಷೀನಿನಿಂದ ಎಳೆದು ಬೇರೆ ಸಿಲಿಂಡರಿಗೆ ತುಂಬಬೇಕು. ಒಂದು ಜಾತಿಯ ಗ್ಯಾಸಿಗೆ ಇನ್ನೊಂದನ್ನು ಬೆರೆಸಬಾರದು. ತುಂಬುವಾಗಲೂ ತೆಗೆಯುವಾಗಲೂ ತೂಕ ಮಾಡಬೇಕು. ಮಾರ್ಕೆಟ್ಟಿನ ಅಗ್ಗದ ಡಬ್ಬಿ ನಂಬಬೇಡಿ, ಕೆಲವರು ಅದರಲ್ಲಿ ಅಡುಗೆ ಗ್ಯಾಸಿನ ಹಾಗೆ ಹೊತ್ತಿ ಉರಿಯುವುದನ್ನು ತುಂಬಿ ಮಾರುತ್ತಾರೆ ಎಂದೂ ಹೇಳಿದರು. ಶೆಟ್ಟೆಪ್ಪಣ್ಣ ಬಾಯಿ ತೆರೆದುಕೊಂಡು ಕೇಳಿದ. ಊಟದ ಹೊತ್ತಿಗೆ ನನ್ನ ಪಕ್ಕ ಬಂದು ಕೂತು, “ಇಷ್ಟ ವರ್ಷ ನಾವು ಗಾಳಿಗೆ ಬಿಟ್ಟ ಗ್ಯಾಸ್ ಎಲ್ಲಾ ನನ್ನ ತಲಿ ಮ್ಯಾಲ ಬಂದು ಕುಂತಂಗ ಆತಲ್ಲೋ ಶ್ರೀಮಂತ” ಎಂದ.

ಕೈಕೆಲಸದ ಪರೀಕ್ಷೆಯಲ್ಲಿ ಅವನೇ ಎಲ್ಲರಿಗಿಂತ ಮುಂದೆ. ಬರೆಯುವ ಪರೀಕ್ಷೆ ಇಂಗ್ಲಿಷು ಮತ್ತು ಹಿಂದಿಯಲ್ಲಿತ್ತು. ಅವನು ಓದಬಲ್ಲದ್ದು ಕನ್ನಡ ಮಾತ್ರ, ಅದೂ ದೊಡ್ಡ ಅಕ್ಷರದಲ್ಲಿದ್ದರೆ. ನಾನು ಪಾಸಾದೆ, ಅವನು ನಪಾಸಾದ. ಫಲಿತಾಂಶ ನೋಡಿ ಬರುವಾಗ ಲೋಕಲ್ ರೈಲಿನಲ್ಲಿ ಬಾಗಿಲ ಹತ್ತಿರ ನಿಂತು ಕೇಳಿದ:

“ಅಂದ್ರ, ಇನ್ನ ಮುಂದ ನಾ ಗ್ಯಾಸ್ ಮುಟ್ಟೂಹಂಗಿಲ್ಲ?”

“ಸರ್ಟಿಫಿಕೇಟ್ ಇಲ್ದಾವ್ರು ಮುಟ್ಟೂಹಂಗಿಲ್ಲಣ್ಣ. ಬ್ಯಾರೆ ಕೆಲಸ ಐತಲ್ಲ.”

ಅವನು ನಕ್ಕ. ಆ ನಗು ನನಗೆ ಸೇರಲಿಲ್ಲ. ಕಸುಬು ಕಲಿಸಿದವನಿಗೆ ಕಲಿತವನು ಕೈ ಕಟ್ಟಿ ಕೂರು ಎಂದರೆ ಅವನು ಸಿಟ್ಟಾಗಬೇಕು, ಇಲ್ಲ ಅಳಬೇಕು. ನಗುವವನು ಏನೋ ಲೆಕ್ಕ ಹಾಕುತ್ತಿರುತ್ತಾನೆ ಎಂದು ನನ್ನ ಮನಸ್ಸು ಅಂದೇ ಹೇಳಿತು.

ತಪಾಸಣೆ ಮಂಗಳವಾರ ಎಂದು ನಿಗದಿಯಾಯಿತು. ಹಿಂದಿನ ಶನಿವಾರ ಹೊಸ ಸಿಲಿಂಡರ್ ತಂದೆವು, ಬೂದು ಬಣ್ಣದ್ದು, ಕುತ್ತಿಗೆಗೆ ಹಳದಿ. ಕಾರಿನಿಂದ ಎಳೆದ ಗ್ಯಾಸು ತುಂಬುವುದಕ್ಕೆಂದೇ ಮಾಡಿದ್ದು. ಪಂಪು ಹಚ್ಚಿ ಒಳಗಿನ ಗಾಳಿಯನ್ನೆಲ್ಲ ತೆಗೆದು, ತೂಕದ ಕಾಟಾದ ಮೇಲಿಟ್ಟು, ಖಾಲಿ ತೂಕವನ್ನು ಒಂದು ಚೀಟಿಯಲ್ಲಿ ಬರೆದು ಹಿಡಿಕೆಗೆ ಕಟ್ಟಿದೆ. ಭಾನುವಾರ ಗ್ಯಾರೇಜು ಬಂದ್. ಸೋಮವಾರ ಹೋಟೆಲಿನ ಎರಡು ಕಾರು ಬಂದವು, ಎರಡರ ಗ್ಯಾಸನ್ನೂ ತರಬೇತಿಯಲ್ಲಿ ಹೇಳಿದ ಹಾಗೆಯೇ ಆ ಸಿಲಿಂಡರಿಗೆ ಎಳೆದೆ. ಅಂದು ಸಂಜೆ ಶೆಟ್ಟೆಪ್ಪಣ್ಣನಿಗೆ, “ನಾಳೆ ನೀ ಬರಬ್ಯಾಡ, ಸೂಟಿ ಮಾಡು” ಎಂದೆ. ನಪಾಸಾದವನು ಎದುರಿಗೆ ನಿಂತರೆ ತಪಾಸಣೆಯವರು ಏನಾದರೂ ಕೇಳಿಯಾರು ಎಂಬ ಭಯ. ಅವನು ಅದಕ್ಕೂ ತಲೆಯಾಡಿಸಿ ನಕ್ಕ.

ತಪಾಸಣೆಗೆ ಬಂದವರು ವಾರಿಜಾ ಮೇಡಂ, ಮಂಗಳೂರು ಕಡೆಯವರು. ಐವತ್ತರ ಹತ್ತಿರದ ಹೆಂಗಸು, ಚೂಪು ಕಣ್ಣು. ನನ್ನ ಊರು ಕೇಳಿ ಕನ್ನಡದಲ್ಲೇ ಮಾತಿಗಿಳಿದರು. ಕಣ್ಣು ಕಾಯುವ ಕನ್ನಡಕ ನೋಡಿದರು, ಕೈಗವಸು ನೋಡಿದರು, ಬೆಂಕಿ ನಂದಿಸುವ ಡಬ್ಬಿಯ ಮೇಲಿನ ತಾರೀಖು ನೋಡಿದರು. ಎಲ್ಲಕ್ಕೂ ಟಿಕ್. ಕೊನೆಗೆ ಸಿಲಿಂಡರನ್ನು ಕಾಟಾದ ಮೇಲೆ ಇಡಿಸಿದರು.

“ಈ ಚೀಟಿ ಬರೆದದ್ದು ಯಾರು?”

“ನಾನ ರೀ ಮೇಡಂ.”

“ಎಷ್ಟು ಕಾರಿನ ಗ್ಯಾಸ್ ಎಳೆದದ್ದು ಇದಕ್ಕೆ?”

“ಎರಡ್ರಿ.”

“ಎರಡು ಕಾರಿಂದ ಹೆಚ್ಚೆಂದರೆ ಒಂದು ಕಿಲೋ. ಇಲ್ಲಿ ಹತ್ತಿರ ಹತ್ತಿರ ಅರ್ಧ ಕಿಲೋ ಹೆಚ್ಚು ಉಂಟಲ್ಲ ಮಾರಾಯ್ರೆ, ಅದು ಎಲ್ಲಿಂದ ಬಂತು?”

ನಾನು ಚೀಟಿಯನ್ನು ಮತ್ತೊಮ್ಮೆ ಓದಿದೆ. ಅವರು ಚೀಲದಿಂದ ಗ್ಯಾಸಿನ ಜಾತಿ ಪತ್ತೆ ಮಾಡುವ ಸಣ್ಣ ಯಂತ್ರ ತೆಗೆದು ಸಿಲಿಂಡರಿಗೆ ಪೈಪು ಜೋಡಿಸಿದರು. ಸ್ವಲ್ಪ ಹೊತ್ತು ಅದು ಗುರುಗುಟ್ಟಿತು. ಆಮೇಲೆ ಕೆಂಪು ದೀಪ ಹತ್ತಿತು.

“ನೂರರಲ್ಲಿ ಎಪ್ಪತ್ತು ಮಾತ್ರ ಅಸಲಿ,” ಎಂದರು ವಾರಿಜಾ ಮೇಡಂ. “ಉಳಿದದ್ದು ಬೇರೆ ಏನೇನೋ, ಹೊತ್ತಿಕೊಳ್ಳುವ ಗ್ಯಾಸೂ ಉಂಟು. ಇದನ್ನು ಯಾರದ್ದಾದರೂ ಕಾರಿಗೆ ತುಂಬಿ, ಅದು ಸೋರಿ, ಒಳಗೆ ಒಬ್ಬ ಬೀಡಿ ಹಚ್ಚಿದರೆ ಎಂತ ಆಗ್ತದೆ ಗೊತ್ತುಂಟಾ ನಿಮಗೆ?”

ಸಿಲಿಂಡರಿಗೆ ‘ಬಳಸಬಾರದು’ ಎಂಬ ಕೆಂಪು ಚೀಟಿ ಅಂಟಿಸಿ ನಾಶ ಮಾಡುವ ಕಡೆಗೆ ಕಳಿಸಲು ಹೇಳಿದರು. ಮುಂದಿನ ಮಂಗಳವಾರ ಮತ್ತೊಮ್ಮೆ ಬರುವುದಾಗಿಯೂ, ಆಗಲೂ ಹೀಗೇ ಇದ್ದರೆ ಸರ್ಟಿಫಿಕೇಟಿನ ಮಾತು ಬೇಡ ಎಂತಲೂ ಹೇಳಿ ಹೋದರು.

ನಾನು ಸಿಲಿಂಡರಿನ ಎದುರು ಸ್ಟೂಲು ಎಳೆದುಕೊಂಡು ಕೂತೆ. ಕಳ್ಳನಾದವನು ಇದ್ದದ್ದನ್ನು ತೆಗೆದುಕೊಂಡು ಹೋಗುತ್ತಾನೆ. ತುಂಬಿಸಿ ಹೋಗುವ ಕಳ್ಳನನ್ನು ಯಾರಾದರೂ ಕಂಡಿದ್ದಾರೆಯೇ? ತುಂಬಿಸಿದವನಿಗೆ ಬೇಕಾದದ್ದು ಗ್ಯಾಸಲ್ಲ, ನನ್ನ ಮುಖಭಂಗ. ಹಾಗೆ ಯೋಚಿಸುತ್ತ ನೋಡಿದರೆ ಹಳದಿ ಕುತ್ತಿಗೆಯ ಹಿಂಭಾಗದಲ್ಲಿ ಕುಂಕುಮದ ಗುರುತೊಂದು ಕಂಡಿತು, ಬೆರಳಿನಿಂದ ಒತ್ತಿದಂಥದ್ದು. ಶನಿವಾರ ಅದು ಇರಲಿಲ್ಲ. ಇಂಥದ್ದೇ ಸಿಲಿಂಡರ್ ಎಂದು ಗೊತ್ತಾಗಲು ಯಾರೋ ಇಟ್ಟ ಗುರುತು. ಸೋಮವಾರ ಬೆಳಿಗ್ಗೆ ಶಟರ್ ತೆಗೆದಾಗ ಮೂಲೆಯಲ್ಲಿ ನೆಲ ಒದ್ದೆಯಾಗಿದ್ದದ್ದೂ, ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ನಿಂತಿದ್ದದ್ದೂ ಈಗ ನೆನಪಾಯಿತು. ಗ್ಯಾಸಿನ ಡಬ್ಬಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟರೆ ಒಳಗಿದ್ದದ್ದು ಬೇಗ ಹೊರಗೆ ಹೋಗುತ್ತದೆ. ಇದು ಹಳಬರ ಯುಕ್ತಿ, ನನಗೆ ಶೆಟ್ಟೆಪ್ಪಣ್ಣನೇ ಕಲಿಸಿದ್ದು.

ಎದುರಿನ ಅಂಗಡಿಯಲ್ಲಿ ಸೀಟ್ ಕವರ್ ಹೊಲಿಯುವ ಸುಭಾಷ ಬೆಳಗಾವಿಯವನು, ಹುಟ್ಟಿದ್ದು ಇಲ್ಲೇ. ಅವನನ್ನು ಕೇಳಿದೆ.

“ಸಂಡೇ ದಿನ ನೋಡಿದ್ನಿ ನಾ ಭಾವು,” ಎಂದ ಅವನು, ಹೊಲಿಗೆ ಮಷೀನಿನಿಂದ ತಲೆ ಎತ್ತದೆ. “ಸುಬಹ್ ಬಂದು ಆ ಸಿಲಿಂಡರ್ ರಿಕ್ಷಾದಾಗ ಹಾಕ್ಕೊಂಡು ಹೋದ್ರು ಶೆಟ್ಟೆಪ್ಪಾ ಅಂಕಲ್. ದೋಪಹರ್‌ಕ್ಕ ವಾಪಸ್ ತಂದ್ರು. ಆಮ್ಯಾಲ ಬಹುತ್ ದೇರ್ ಒಳಗ ಇದ್ರು, ಶಟರ್ ಅರ್ಧಾ ಹಾಕಿ.”

ಬೆಳಿಗ್ಗೆ ಒಯ್ದು, ಮಧ್ಯಾಹ್ನ ತಂದು, ಆಮೇಲೆ ಬಹಳ ಹೊತ್ತು ಒಳಗೆ! ಅಲ್ಲಿಗೆ ಮುಗಿಯಿತು. ಉಂಡ ಮನೆಗೆ ಎರಡು ಬಗೆದ ಎಂದುಕೊಂಡೆ. ನನಗೆ ಸರ್ಟಿಫಿಕೇಟ್ ಬಂದರೆ ಅವನ ಕೈ ಕಟ್ಟುತ್ತದೆ, ಬರದಿದ್ದರೆ ಇಬ್ಬರೂ ಮೊದಲಿನ ಹಾಗೆಯೇ. ಎದೆಯಲ್ಲಿ ಉರಿ ಎದ್ದಿತು. ನಿಜ ಹೇಳಬೇಕೆಂದರೆ ಉರಿಯ ಜೊತೆಗೆ ಒಂದು ಬಗೆಯ ಸಮಾಧಾನವೂ ಆಯಿತು. ಒಬ್ಬನನ್ನಾದರೂ ನಂಬಬೇಕಾದ ಕಷ್ಟ ತಪ್ಪಿತು.

ಬುಧವಾರ ಅವನು ಎಂದಿನಂತೆ ಬಂದ. ಬಂದವನೇ, “ಪಾಸಾತೇನು?” ಎಂದ.

“ಇನ್ನಾ ಹೇಳಿಲ್ಲ,” ಎಂದೆ. ಮೊದಲೇ ಕೇಳಿಬಿಟ್ಟರೆ ಕಥೆ ಕಟ್ಟುತ್ತಾನೆ. ಸುಮ್ಮನಿದ್ದು ನೋಡೋಣ ಎಂದು ಕೆಂಪು ಚೀಟಿಯ ಮೇಲೆ ಬಟ್ಟೆ ಹೊದಿಸಿದ್ದೆ.

ಮಧ್ಯಾಹ್ನದವರೆಗೆ ಅವನ ಮೇಲೆ ಕಣ್ಣಿಟ್ಟೆ. ಪಾನಾ ಒರೆಸಿದ, ಚಹಾ ಕುಡಿದ, ಯಾರಿಗೋ ಫೋನು ಮಾಡಲು ಹೊರಗೆ ಹೋದ. ಹೊರಗೇಕೆ ಹೋಗಬೇಕು? ಒಳಗೆ ಬಂದವನು ಬಟ್ಟೆ ಹೊದ್ದ ಸಿಲಿಂಡರನ್ನು ನೋಡಿ, ಹಿಡಿಕೆ ಹಿಡಿದು ಸ್ವಲ್ಪ ಎತ್ತಿ, ನನ್ನ ಕಡೆ ತಿರುಗಿ, “ಭಾರ ಆಗೇತಲ್ಲ?” ಎಂದು ನಕ್ಕ.

ನನ್ನ ತಾಳ್ಮೆ ಅಲ್ಲಿಗೆ ಹರಿಯಿತು. ಹೋಟೆಲಿನ ಡ್ರೈವರ್ ಒಬ್ಬ ಕಾರು ಒಯ್ಯಲು ಬಂದು ನಿಂತಿದ್ದ, ಸುಭಾಷ ಚಹಾಕ್ಕೆಂದು ಬಂದಿದ್ದ. ಅವರ ಎದುರಿಗೇ ಕೇಳಿದೆ.

“ಇದರಾಗ ನೀ ಗ್ಯಾಸ್ ಹಾಕೀ ಏನು?”

“ಹೂಂ, ನಾನ ಹಾಕೇನಿ,” ಎಂದ, ಏನೂ ಆಗದವನಂತೆ. “ಯಾಕ?”

“ಭಾನುವಾರ ಇದನ್ನ ಒಯ್ದಾಂವ ನೀನ?”

“ನಾನ. ನಮ್ಮ ಬೀಗ ಅಣವೀರಪ್ಪಗ ಬೇಕಾಗಿತ್ತು. ಖಾಲಿ ಹ್ಯಾಂಗ...”

“ಸಾಕು!” ಎಂದು ಕಿರುಚಿದೆ. “ಇನ್ನೊಂದು ಮಾತು ಆಡಬ್ಯಾಡ. ನೀ ನಪಾಸಾದ್ರ ನನ್ನ ಅನ್ನಕ್ಕ ವಿಷಾ ಹಾಕ್ತೀ? ಹೊರಗಿನಾವ ಮಾಡಿದ್ರ ತಡಕೋತಿದ್ನಿ. ಕೈ ಹಿಡದು ಕಲಿಸಿದಾಂವ ನೀ, ನಿನ್ನ ಬುದ್ಧಿ ಇಷ್ಟ ಹೊಲಸ ಅಂತ ನನಗ ಗೊತ್ತಿದ್ದಿಲ್ಲ!”

ಶೆಟ್ಟೆಪ್ಪಣ್ಣನ ಬಾಯಿ ಅರ್ಧ ತೆರೆದದ್ದು ಹಾಗೇ ನಿಂತಿತು. ಡ್ರೈವರನ ಕಡೆ ನೋಡಿದ, ಸುಭಾಷನ ಕಡೆ ನೋಡಿದ. ನನ್ನ ಕಡೆ ನೋಡಲಿಲ್ಲ. ಉಡದಾರದಿಂದ ಕೀಲಿ ಬಿಚ್ಚುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು, ಆ ಸತ್ತ ಬೆರಳಿಗೆ ಗಂಟು ಸಿಗುತ್ತಿರಲಿಲ್ಲ. ಕೊನೆಗೆ ಕೀಲಿಯನ್ನು ಕಾಟಾದ ಮೇಲಿಟ್ಟು ಹೊರಟುಹೋದ. ಕಾಟಾ ಅದರ ತೂಕವನ್ನೂ ತೋರಿಸಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನಗೆ ಅಂದು ಹಾಗೇನೂ ಅನಿಸಲಿಲ್ಲ. ಸರಿಯಾದ ಜಾಗದಲ್ಲಿ ನೊರೆ ಉಬ್ಬಿದಾಗ ಆಗುವ ಖುಷಿ ಇರುತ್ತದಲ್ಲ, ಅದೇ ಆಯಿತು. ಪೂರ್ತಿ ಸಾಕ್ಷಿ ಬೇಕೆಂದು ಅವನ ಸಾಮಾನಿನ ಕಪಾಟು ತೆಗೆದೆ. ಹಳೆಯ ಟವೆಲಿನಲ್ಲಿ ಸುತ್ತಿಟ್ಟಿದ್ದ ಅರ್ಧ ಕಿಲೋದ ಗ್ಯಾಸ್ ಡಬ್ಬಿ ಸಿಕ್ಕಿತು. ಬಾಯಿಗೆ ಸಿಕ್ಕಿಸಿದ, ಗ್ಯಾಸು ಬಿಡುವ ತಿರುಪಿನ ಚಾವಿ ಹಾಗೇ ಇತ್ತು, ಒಳಗೆ ತಳದಲ್ಲಿ ಒಂದಿಷ್ಟು ಉಳಿದಿತ್ತು. ಡಬ್ಬಿಯ ಮೇಲೂ ಅದೇ ಕುಂಕುಮ. ಜಗತ್ತಿನ ಯಾವ ಕೋರ್ಟೂ ಇದಕ್ಕಿಂತ ಹೆಚ್ಚು ಕೇಳದು ಎಂದುಕೊಂಡು ಅದನ್ನು ಚೀಲಕ್ಕೆ ಹಾಕಿ ಸಂಜೆ ಮನೆಗೆ ಒಯ್ದೆ.

ಮಹಾದೇವಿ ರೊಟ್ಟಿ ಬಡಿಯುತ್ತಿದ್ದಳು. ನಾನು ಎಲ್ಲವನ್ನೂ ಸಾಕ್ಷಿ ಸಮೇತ ಹೇಳಿದೆ. ಅವಳು ಕೈ ನಿಲ್ಲಿಸಿ ಡಬ್ಬಿಯನ್ನು ತಿರುಗಿಸಿ ನೋಡಿದಳು.

“ಈ ಕುಂಕುಮ ನಾ ಹಚ್ಚಿದ್ದಲ್ಲೇನ್ರಿ? ಹೋದ ದಸರಾದ ಖಂಡೇಪೂಜಿ ದಿನ ನೀವ ಕೊಟ್ಟಿದ್ರಿ ಶೆಟ್ಟೆಪ್ಪಣ್ಣಗ ಈ ಡಬ್ಬಿ. ನಾ ಕುಂಕುಮ ಹಚ್ಚಿ ತೆಂಗಿನಕಾಯಿ ಜೋಡಿ ಕೊಟ್ಟೆ.”

ಹಾಗೆ ಕೊಟ್ಟದ್ದು ನನಗೆ ಆಗ ನೆನಪಿಗೆ ಬಂತು. ಅವಳು ಕೇಳಿದಳು: “ಭಾನುವಾರ ಅವರು ಒಯ್ದಾಗ ಆ ದೊಡ್ಡ ಸಿಲಿಂಡರ್ ಖಾಲಿ ಇತ್ತೇನು?”

“ಖಾಲಿ ಇತ್ತು.”

“ಹೊಸಾದು, ಖಾಲಿ. ಮತ್ತ ಕೆಲಸ ಮುಗಿಸಿ ತಿರಗಿ ಖಾಲೀನ ತಂದು ಇಡ್ತಾರೇನ್ರಿ ಯಾರಾದ್ರೂ?” ಎಂದಳು, ಮಗುವಿಗೆ ಹೇಳುವ ಹಾಗೆ. “ಮಂದಿ ಪಾತ್ರಿ ಖಾಲಿ ಹೊಳ್ಳಿಸಬಾರದು ಅಂತ ನಮ್ಮವ್ವ ಹೇಳಿಲ್ಲೇನು, ನಿಮ್ಮವ್ವ ಹೇಳಿಲ್ಲೇನು? ಇಷ್ಟ ವರ್ಷ ಭಾಂಡುಪಿಗೆ ಹೋದ ನನ್ನ ತಿಂಡಿ ಡಬ್ಬಿ ಒಂದರ ಖಾಲಿ ಬಂದೈತೇನು? ರೊಟ್ಟಿ ಜೋಡಿ ತಿನ್ನೂ ಶೇಂಗಾ ಹಿಂಡಿ ಇಲ್ಲಂದ್ರ ಒಂದು ಹಿಡಿ ಸಕ್ಕರಿ ಹಾಕಿ ಕಳಸ್ತಾಳ ಅವರ ಮನ್ಯಾಕಿ ಚನ್ನವ್ವ. ಅದೂ ಸರ್ಟಿಫಿಕೇಟಿನ ಕೆಲಸದ ಮುಂದ! ತನ್ನ ಹಂತ್ಯಾಕಿದ್ದ ಛಲೋ ಗ್ಯಾಸ್ ಹಾಕಿ, ಅದ ಕುಂಕುಮದ ಬಟ್ಟ ಒತ್ತಿ ಇಟ್ಟಾರ ಅವರು.”

ಖಾಲಿ ಹ್ಯಾಂಗ ಎಂದು ಅವನು ಶುರು ಮಾಡಿದ ಮಾತು ಎಲ್ಲಿ ಮುಗಿಯಬೇಕಿತ್ತು ಎಂದು ಆಗ ತಿಳಿಯಿತು.

ಇನ್ನೂ ಒಂದು ವಿಷಯವಿದೆ. ಅದನ್ನು ಮಹಾದೇವಿಗೆ ನಾನು ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಆ ಡಬ್ಬಿಯನ್ನು ತಂದ ದಿನವೇ ನನಗೆ ಅದರ ಮೇಲೆ ಅನುಮಾನ ಬಂದಿತ್ತು. ಲೇಬಲ್ ಸ್ವಲ್ಪ ಓರೆಯಾಗಿತ್ತು, ಮಾರಿದವನು ಬಹಳ ಮಾತಾಡಿದ್ದ. ಗಿರಾಕಿಗಳ ಕಾರಿಗೆ ಹಾಕಲು ಧೈರ್ಯವಾಗದೆ ಮೂಲೆಯಲ್ಲಿ ಇಟ್ಟಿದ್ದೆ. ಖಂಡೇಪೂಜೆಯ ದಿನ ಕಸುಬಿನ ಗುರುವಿಗೆ ಏನಾದರೂ ಕೊಡಬೇಕಲ್ಲ ಎಂದಾಗ ಕೈಗೆ ಸಿಕ್ಕಿದ್ದು ಅದು. ಎಲ್ಲರನ್ನೂ ಅನುಮಾನಿಸುವ ನಾನು, ಅನುಮಾನವಿದ್ದ ಒಂದು ವಸ್ತುವನ್ನು ನನ್ನ ಮೇಲೆ ಅನುಮಾನವೇ ಇಲ್ಲದವನಿಗೆ ದಾಟಿಸಿದ್ದೆ. ತಾನು ಕಳ್ಳ, ಪರರ ನಂಬ. ಗಾದೆ ನನ್ನನ್ನು ನೋಡಿಯೇ ಮಾಡಿದ್ದಾರೆ.

ಮಂಗಳವಾರ ಬಂತು. ಈ ಸಲ ಹೊಸ ಸಿಲಿಂಡರನ್ನು ನಾನೇ ಕೀಲಿ ಹಾಕಿ ಕಾದಿದ್ದೆ. ತೂಕ ಸರಿಯಾಯಿತು, ಹಸಿರು ದೀಪ ಹತ್ತಿತು. ವಾರಿಜಾ ಮೇಡಂ ಕಾಗದಕ್ಕೆ ಸಹಿ ಮಾಡಿ, ಹೋದ ಸಲದ ಕಲಬೆರಕೆ ಎಲ್ಲಿಂದ ಬಂತೆಂದು ಗೊತ್ತಾಯಿತಾ ಎಂದು ಕೇಳಿದರು. ನಾನು ಆ ಡಬ್ಬಿಯನ್ನು ಮುಂದಿಟ್ಟು, ಅದನ್ನು ಬೆಚ್ಚಗಿನ ನೀರಿನಲ್ಲಿಟ್ಟು ಸಿಲಿಂಡರಿಗೆ ತುಂಬಿದ್ದನ್ನೂ ಹೇಳಿದೆ. ಅವರ ಯಂತ್ರ ಅದಕ್ಕೆ ಬಾಯಿ ಹಾಕಿದ ಕೂಡಲೇ ಕೆಂಪಾಯಿತು.

“ನಕಲಿ. ಒಳಗೆ ಅಸಲಿ ಗ್ಯಾಸ್ ಹೆಸರಿಗೆ ಮಾತ್ರ,” ಎಂದರು. “ಇದನ್ನು ನೀರಲ್ಲಿ ಬಿಸಿ ಮಾಡಿದ್ದಾರೆ ಬೇರೆ. ಹತ್ತಿರ ಬೆಂಕಿ ಏನಾದರೂ ಇದ್ದಿದ್ದರೆ ಆ ಜನ ಇವತ್ತು ಇರ್ತಿರಲಿಲ್ಲ. ಎಲ್ಲಿಂದ ತಂದದ್ದು?”

“ಮಾರ್ಕೆಟ್‌ದಾಗ ಯಾರೋ ಕೊಟ್ಟಿದ್ರೀ,” ಎಂದೆ. ಆಮೇಲೆ ಶೆಟ್ಟೆಪ್ಪಣ್ಣನ ಪರೀಕ್ಷೆಯ ಮಾತು ತೆಗೆದೆ. ಓದಲು ಬಾರದವರಿಗೆ ಬಾಯಿಮಾತಿನ ಪರೀಕ್ಷೆ ಉಂಟು, ಕನ್ನಡದಲ್ಲಿ ತಾನೇ ತೆಗೆದುಕೊಳ್ಳುತ್ತೇನೆ, ಕಳಿಸಿಕೊಡಿ ಎಂದರು. ನನಗೆ ಜೀವ ಬಂದಂತಾಯಿತು. ಬರಿಗೈಯಲ್ಲಿ ಕ್ಷಮೆ ಕೇಳುವುದಕ್ಕಿಂತ ಇದು ಎಷ್ಟೋ ವಾಸಿ.

ಭಾನುವಾರ ಮಹಾದೇವಿ ಹೋಳಿಗೆ ಮಾಡಿ ತನ್ನ ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಹಾಕಿಕೊಟ್ಟಳು. ಭಾಂಡುಪ್‌ನ ಗುಡ್ಡದ ಮೇಲಿನ ಚಾಳಿನಲ್ಲಿ ಶೆಟ್ಟೆಪ್ಪಣ್ಣನದು ಒಂದೇ ಕೋಣೆ, ಅದರಲ್ಲೇ ಪರದೆಯ ಹಿಂದೆ ಅಡುಗೆ. ಬಾಗಿಲಲ್ಲಿ ನನ್ನನ್ನು ಕಂಡು ಎದ್ದು ನಿಂತ.

“ಬರ್ರಿ, ಕೂಡ್ರಿ,” ಎಂದ. ನನಗೆ ಅವನು ಎಂದೂ ‘ರಿ’ ಹಚ್ಚಿದವನಲ್ಲ.

ಅವನ ಹೆಂಡತಿ ಚನ್ನವ್ವ ಡಬ್ಬಿ ಇಸಿದುಕೊಂಡು ಪರದೆಯ ಹಿಂದೆ ಹೋದಳು. ನಾನು ಹೇಳಬೇಕಾದ್ದನ್ನು ಹೇಳಿದೆ. ತಪ್ಪಾಯಿತು ಎಂದೆ, ಕಾಲು ಹಿಡಿಯಲು ಬಗ್ಗಿದೆ. ಅವನು ತೋಳು ಹಿಡಿದು ಎತ್ತಿದ. ಚಾಪೆ ಹಾಸಿ ನನ್ನನ್ನು ಕೂರಿಸಿದ.

“ಬಿಡೋ ಶ್ರೀಮಂತ. ಸಿಟ್ಟಿನಾಗ ಮಾತು ಬರ್ತಾವು. ಬೀಗ ಅಣವೀರಪ್ಪನ ಗಾಡಿ ಇತ್ತಲ್ಲ, ಸಾಲಿ ಹುಡುಗ್ರನ್ನ ಒಯ್ಯೂದು, ಅದರ ಪೈಪು ಬದಲಿ ಮಾಡೂದಿತ್ತು. ಮದ್ಲಿನ ಹಂಗ ಗ್ಯಾಸ್ ಗಾಳಿಗೆ ಬಿಡಾಕ ಮನಸ ಬರಲಿಲ್ಲ. ಅದಕ್ಕ ಸಿಲಿಂಡರ್, ಮಷೀನ್ ಎರಡೂ ಒಯ್ದಿದ್ನಿ. ಎಳದು ಇಟ್ಟು, ರಿಪೇರಿ ಮಾಡಿ, ಮತ್ತ ಅದ ಗ್ಯಾಸ್ ತುಂಬಿದ್ನಿ. ಸರಿ ಮಾಡಿದ್ನಿಲ್ಲೋ?”

“ಸರಿ ಮಾಡೀದಿ ಅಣ್ಣಾ,” ಎಂದೆ. ನಪಾಸಾದವನು ಪಾಠವನ್ನು ನನಗಿಂತ ಮೊದಲು ನಡೆಸಿ ತೋರಿಸಿದ್ದ.

ಬಾಯಿಮಾತಿನ ಪರೀಕ್ಷೆಯ ವಿಷಯ ಹೇಳಿದೆ. ಅವನ ಮುಖ ಅರಳಿತು. ವಾರಿಜಾ ಮೇಡಂ ಡಬ್ಬಿ ತಪಾಸಣೆ ಮಾಡಿದ್ದನ್ನೂ ಹೇಳಿದೆ. ಅದು ನಕಲಿ, ಹೊತ್ತಿಕೊಳ್ಳುವಂಥದ್ದು ಎಂದು ಕೇಳಿ ಅವನು ಕೈಯಿಂದ ಎದೆ ಮುಟ್ಟಿಕೊಂಡ.

“ಅಯ್ಯೋ ಶಿವನ. ಆ ಗಾಡಿಗೆ ಒಂದಿಷ್ಟು ಕಮ್ಮಿ ಬಿದ್ದಿತ್ತು. ಇದನ್ನ ಹಾಕಿಬಿಡ್ಲೇನು ಅಂತ ಮಾಡಿದ್ನಿ. ಶ್ರೀಮಂತ ಕೊಟ್ಟಿದ್ದು, ಶ್ರೀಮಂತನ ಸಿಲಿಂಡರಿಗೇ ಆಗಲಿ ಅಂತ ಬಿಟ್ನಿ. ಹದಿನಾಕು ಹುಡುಗ್ರು ಕುಂದರ್ತಾವೋ ಅದರಾಗ.”

ಪರದೆಯ ಹಿಂದೆ ಹೋಳಿಗೆ ತೆಗೆದಿಟ್ಟು ಡಬ್ಬಿ ತೊಳೆದ ಸದ್ದಾಯಿತು. ಯಾವುದೋ ತಗಡಿನ ಡಬ್ಬಿಯ ಮುಚ್ಚಳ ತೆಗೆದದ್ದು ಕೇಳಿತು, ಶೇಂಗಾ ಹಿಂಡಿಯ ವಾಸನೆ ಕೋಣೆಗೆಲ್ಲ ಬಂತು. ಎಲ್ಲ ಸರಿಹೋಗುತ್ತಿದೆ ಎಂದು ನನಗೆ ಅನಿಸಿದ್ದು ಆ ವಾಸನೆಯಿಂದಲೇ.

“ಒಂದು ಕೇಳ್ತೀನಿ,” ಎಂದ ಶೆಟ್ಟೆಪ್ಪಣ್ಣ. “ನೀ ಹಾಲಿನವನ್ನ ಸುದ್ದಾ ನಂಬದಾಂವ. ಒಂದು ನಟ್ ತಂದ್ರೂ ಹತ್ತ ಸಲ ತಿರಿವಿ ನೋಡಾಂವ. ಆ ಡಬ್ಬಿ ನನ್ನ ಕೈಯಾಗ ಕೊಡುಮುಂದ ನಿನಗ ಏನರ ಅನುಮಾನ ಇತ್ತೇನು? ಇದ್ರ ಇತ್ತು ಅನ್ನು. ನಾ ಏನೂ ಅನ್ನೂದಿಲ್ಲ.”

ಪರದೆಯ ಹಿಂದೆ ಚಮಚದ ಸದ್ದು ನಿಂತಿತು.

ಇತ್ತು ಎಂದಿದ್ದರೆ ಮುಗಿಯುತ್ತಿತ್ತು. ಅವನು ಏನೂ ಅನ್ನುತ್ತಿರಲಿಲ್ಲ, ಅವನು ಆಡಿದ ಹಾಗೆ ನಡೆಯುವವನು. ಆದರೆ ಅವನ ಕಣ್ಣು ನನ್ನ ಮುಖದ ಮೇಲೆ ನೆಟ್ಟಿತ್ತು, ನಾನು ಜೋಡಣೆಗಳನ್ನು ನೋಡುತ್ತೇನಲ್ಲ ಹಾಗೆ. ಹಾಗೆ ನೋಡಿಸಿಕೊಂಡು ನನಗೆ ರೂಢಿಯಿಲ್ಲ.

“ಇಲ್ಲಣ್ಣ,” ಎಂದೆ. “ಯಾವ ಅನುಮಾನಾನೂ ಇದ್ದಿಲ್ಲ.”

ಅವನು ತಲೆಯಾಡಿಸಿದ. ತಗಡಿನ ಡಬ್ಬಿಯ ಮುಚ್ಚಳ ಮತ್ತೆ ಮುಚ್ಚಿತು.

“ಆತ್ರಿ,” ಎಂದ. “ಮೇಡಮ್‌ಗೆ ಫೋನ್ ಮಾಡ್ತೀನ್ರಿ. ಪರೀಕ್ಷಾ ಕೊಡ್ತೀನಿ. ಆದ್ರ ಕೆಲಸಕ್ಕ ಇಲ್ಲೇ ಭಾಂಡುಪಿನಾಗ ಒಂದು ಕಡೆ ಮಾತಾಡೇನಿ. ದಿನಾ ಅಷ್ಟು ದೂರ ಬರೂದು ಇನ್ನ ಆಗೂದಿಲ್ರಿ.”

ಚನ್ನವ್ವ ಹೊರಬಂದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ನಗಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹಗುರವಾಗಿತ್ತು. ಪವಾಯಿಯ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗ ಮುಚ್ಚಳ ತೆಗೆದೆ. ಒಳಗೆ ತೊಳೆದು, ಒಣ ಬಟ್ಟೆಯಿಂದ ಒರೆಸಿ ಇಟ್ಟಿದ್ದರು. ಬೆರಳಾಡಿಸಿ ನೋಡಿದೆ, ಮುಚ್ಚಳದ ಒಳಗೂ ನೋಡಿದೆ. ಸಕ್ಕರೆಯ ಒಂದು ಹರಳೂ ಇರಲಿಲ್ಲ. ತಲೆಯ ಮೇಲೆ ಬಸ್ಸಿನ ಎಸಿ ತಣ್ಣಗೆ ಬೀಸುತ್ತಿತ್ತು, ನನ್ನ ಕಣ್ಣು ಮಾತ್ರ ಉರಿಯುತ್ತಿತ್ತು.

ಜೋಗೇಶ್ವರಿಯಲ್ಲಿ ಇಳಿದೆ. ಸ್ಟೇಷನ್ನಿನ ಹತ್ತಿರ ಒಬ್ಬ ಶೇಂಗಾ ಹುರಿಯುತ್ತ ನಿಂತಿದ್ದ. ಸ್ವಲ್ಪ ಮುಂದೆ ಹೋದವನು ತಿರುಗಿ ಬಂದು ಅವನ ಎದುರು ಡಬ್ಬಿ ಹಿಡಿದೆ. ಅವನು ಬಿಸಿ ಶೇಂಗಾವನ್ನು ಒಳಗೆ ಸುರಿದ. ಮುಚ್ಚಳ ಹಾಕಿ, ಕೈಯಲ್ಲಿ ಎತ್ತಿ ತೂಕ ನೋಡಿದೆ. ಅರ್ಧ ಕಿಲೋ ಇದ್ದೀತು.

ಮನೆಯಲ್ಲಿ ಮಹಾದೇವಿ ಮಾತಿಗಿಂತ ಮೊದಲು ಡಬ್ಬಿ ಇಸಿದುಕೊಂಡು ತೆಗೆದು ನೋಡಿದಳು. ಅವಳ ಮುಖ ತುಂಬಿಬಂತು.

“ನಾ ಹೇಳಿದ್ದಿಲ್ಲೇನು?” ಎಂದಳು. “ಅವರು ಹಂತಾ ಮಂದಿ ಅಲ್ಲ. ಸಿಟ್ಟ ಹೋತು ಅಂತ ಆತು, ಇಷ್ಟು ಶೇಂಗಾ ಹಾಕಿ ಕಳಸ್ಯಾರ ಅಂದ್ರ.”

ಒಂದು ಹಿಡಿ ನನ್ನ ಕೈಗೆ ಹಾಕಿ, ಉಳಿದದ್ದನ್ನು ಜೋಪಾನವಾಗಿ ಬೇರೆ ಡಬ್ಬಿಗೆ ಸುರಿದುಕೊಂಡಳು. ಅವಳು ಯಾರನ್ನೂ ಅನುಮಾನಿಸುವವಳಲ್ಲ.